ವಿಮಾನ ತಡವಾದರೆ ಗ್ರಾಹಕ ಆಯೋಗದ ಬಾಗಿಲು ತಟ್ಟಬೇಕೆ?

ನಮ್ಮ ದೇಶದೊಳಗೆ ಓಡಾಡುವ ವಿಮಾನವೊಂದು ಮುನ್ಸೂಚನೆಯಿಲ್ಲದೆ ರದ್ದಾದರೆ ಪ್ರಯಾಣಿಕರಿಗೆ ಸಲ್ಲಬೇಕಾದ ಪರಿಹಾರಕ್ಕೆ ಒಂದು ಲೆಕ್ಕವಿದೆ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, ಆ ಲೆಕ್ಕವನ್ನು ನಿಯಮವಾಗಿ ಬರೆದಿಟ್ಟಿದೆ. ಒಂದು ಗಂಟೆಯೊಳಗಿನ ಹಾರಾಟಕ್ಕೆ 5,000 ರೂಪಾಯಿ, ಎರಡು ಗಂಟೆಯವರೆಗಿನದಕ್ಕೆ 7,500, ಅದನ್ನು ಮೀರಿದ್ದಕ್ಕೆ 10,000. ಇಲ್ಲವೇ ಟಿಕೆಟಿನ ಮೂಲ ದರಕ್ಕೆ ಇಂಧನ ಶುಲ್ಕ ಕೂಡಿಸಿದ ಮೊತ್ತ. ಎರಡರಲ್ಲಿ ಯಾವುದು ಕಡಿಮೆಯೋ ಅದು. ಅದೇ ವಿಮಾನ ರದ್ದಾಗದೆ ಹತ್ತು ಗಂಟೆ ತಡವಾಗಿ ಹೊರಟರೆ ಎಷ್ಟು ಸಿಗುತ್ತದೆ? ಆ ನಿಯಮದ ಪ್ರಕಾರ ಒಂದು ರೂಪಾಯಿಯೂ ಇಲ್ಲ. ತಪ್ಪಿದ ಸಂದರ್ಶನ, ತಪ್ಪಿದ ಪರೀಕ್ಷೆ, ಮುಹೂರ್ತ ಮುಗಿದ ಮೇಲೆ ತಲುಪಿದ ಮದುವೆ, ಕೊನೆಯ ದರ್ಶನಕ್ಕೂ ಒದಗದೆ ಹೋದ ಮಗ, ಇವೆಲ್ಲ ರದ್ದಾದ ವಿಮಾನದಿಂದ ಆಗುವಂತೆ ತಡವಾದ ವಿಮಾನದಿಂದಲೂ ಆಗುತ್ತವೆ. ಆದರೂ ನಿಯಮ ಒಂದಕ್ಕೆ ಬೆಲೆ ಕಟ್ಟಿ ಇನ್ನೊಂದನ್ನು ಬಿಟ್ಟಿದೆ. ಹೀಗಿರುವಾಗ ದೀರ್ಘ ವಿಳಂಬಕ್ಕೆ ಸಿಲುಕಿದ ಪ್ರಯಾಣಿಕರು ಕಾನೂನಿನ ದಾರಿ ಹಿಡಿಯಬೇಕೆ ಎಂಬುದು ಇಂದಿನ ಪ್ರಶ್ನೆ. ಹಿಡಿಯಬೇಕು ಎಂಬುದೇ ನನ್ನ ಉತ್ತರ. ಎಲ್ಲ ವಿಳಂಬಕ್ಕೂ ಅಲ್ಲ. ತಡಕ್ಕೆ ಕಾರಣ ಸಂಸ್ಥೆಯ ಕೈಯಲ್ಲಿದ್ದಾಗ, ಅಥವಾ ಕಾರಣ ಏನೇ ಇರಲಿ, ಕಾಯುತ್ತ ಕುಳಿತವರನ್ನು ಸಂಸ್ಥೆ ಕೈಬಿಟ್ಟಾಗ. ಈ ಮಾತನ್ನು ಸಿಗಬಹುದಾದ ಹಣದ ಆಸೆಗಾಗಿ ಹೇಳುತ್ತಿಲ್ಲ. ‘ಯಾಕೆ ತಡವಾಯಿತು, ಸಾಬೀತುಪಡಿಸು’ ಎಂದು ಪ್ರಯಾಣಿಕರ ಪರವಾಗಿ ಸಂಸ್ಥೆಯನ್ನು ಕೇಳುವ ಸ್ಥಳ ಸದ್ಯಕ್ಕೆ ನಮ್ಮಲ್ಲಿ ಗ್ರಾಹಕ ಆಯೋಗದಂಥ ನ್ಯಾಯಪೀಠವೊಂದೇ ಆಗಿರುವುದರಿಂದ ಹೇಳುತ್ತಿದ್ದೇನೆ.

ವಿಳಂಬಕ್ಕೆ ನಿಯಮದಲ್ಲಿ ಏನೂ ಇಲ್ಲವೆಂದು ಹೇಳಿದರೆ ತಪ್ಪಾಗುತ್ತದೆ. ಎರಡೂವರೆ ಗಂಟೆಯವರೆಗಿನ ಹಾರಾಟ ಎರಡು ಗಂಟೆಗಿಂತ ಹೆಚ್ಚು ತಡವಾದರೆ ಊಟ ಉಪಾಹಾರ ಕೊಡಬೇಕು. ಇನ್ನೂ ದೂರದ ಹಾರಾಟಗಳಿಗೆ ಈ ಮಿತಿ ಮೂರು ಗಂಟೆ, ನಾಲ್ಕು ಗಂಟೆ. ದೇಶದೊಳಗಿನ ವಿಮಾನ ಆರು ಗಂಟೆ ಮೀರಿ ತಡವಾಗುವುದಿದ್ದರೆ ಹೊಸ ವೇಳೆಯನ್ನು 24 ಗಂಟೆ ಮೊದಲೇ ತಿಳಿಸಬೇಕು. ಬೇರೆ ವಿಮಾನ ಬೇಕೋ ಪೂರ್ತಿ ಹಣ ವಾಪಸ್ಸು ಬೇಕೋ ಎಂಬ ಆಯ್ಕೆ ಪ್ರಯಾಣಿಕರದ್ದು. 24 ಗಂಟೆ ಮೀರಿದರೆ ಹೋಟೆಲ್ ವಸತಿ. ರಾತ್ರಿ ಎಂಟರಿಂದ ಬೆಳಗಿನ ಜಾವ ಮೂರರೊಳಗೆ ಹೊರಡಬೇಕಾದ ವಿಮಾನಕ್ಕಾದರೆ ಆರು ಗಂಟೆ ಮೀರಿದರೇ ವಸತಿ. ಇಷ್ಟು ಒಳ್ಳೆಯದು. ಆದರೆ ಈ ನಿಯಮ ಮುರಿದಾಗ ಆಗುವುದೇನು ಎಂದು ನೋಡಿ. 2024ರ ಜನವರಿಯಲ್ಲಿ ಮಂಜಿನ ಕಾರಣ ದೆಹಲಿಯ ಬದಲು ಮುಂಬಯಿಯಲ್ಲಿ ಇಳಿದ ವಿಮಾನವೊಂದರ ಪ್ರಯಾಣಿಕರು ರನ್‌ವೇ ಬದಿಯ ಡಾಂಬರಿನ ಮೇಲೆ ಕುಳಿತು ಊಟ ಮಾಡಿದ ದೃಶ್ಯವನ್ನು ದೇಶವೆಲ್ಲ ಕಂಡಿತು. ನಾಗರಿಕ ವಿಮಾನಯಾನ ಭದ್ರತಾ ಬ್ಯೂರೋ ಇಂಡಿಗೋ ಸಂಸ್ಥೆಗೆ 1.20 ಕೋಟಿ ರೂಪಾಯಿ ದಂಡ ಹಾಕಿತು. ವಿಮಾನ ನಿಲ್ದಾಣಕ್ಕೂ ದಂಡ ಬಿತ್ತು. 2025ರ ಡಿಸೆಂಬರ್ ಮೊದಲ ವಾರದಲ್ಲಿ ಅದೇ ಸಂಸ್ಥೆಯ ಸಾವಿರಾರು ಹಾರಾಟಗಳು ರದ್ದಾದವು, ಉಳಿದವು ಗಂಟೆಗಟ್ಟಲೆ ತಡವಾದವು. 5ನೆಯ ತಾರೀಖು ಒಂದೇ ದಿನ ಸಾವಿರಕ್ಕೂ ಹೆಚ್ಚು ಹಾರಾಟಗಳು ನಿಂತುಹೋದವು. ಬೆಂಗಳೂರಿನ ಕೆಂಪೇಗೌಡ ನಿಲ್ದಾಣದಲ್ಲೂ ಜನ ಸೂಟ್‌ಕೇಸುಗಳ ನಡುವೆ ನೆಲದ ಮೇಲೆ ರಾತ್ರಿ ಕಳೆದರು. ಮರುತಿಂಗಳು ಸುಮಾರು 22 ಕೋಟಿ ರೂಪಾಯಿ ದಂಡದ ಆದೇಶ ಬಂತು. ದಂಡ ಸರಿಯೇ. ಅದು ಹೋಗುವುದು ಮಾತ್ರ ಸರ್ಕಾರದ ಬೊಕ್ಕಸಕ್ಕೆ. ನೆಲದ ಮೇಲೆ ಮಲಗಿದವರಿಗೆ ಅದರಲ್ಲಿ ಪಾಲಿಲ್ಲ, ಅವರ ನಷ್ಟವೆಷ್ಟು ಎಂದು ಕೇಳಿದವರೂ ಇಲ್ಲ. ಡಿಜಿಸಿಎ ವಿಮಾನಯಾನದ ಶಿಸ್ತನ್ನು ಕಾಯುವ ಸಂಸ್ಥೆ. ಒಬ್ಬೊಬ್ಬ ಪ್ರಯಾಣಿಕನ ವ್ಯಾಜ್ಯ ಕೇಳಿ ತೀರ್ಪು ಕೊಡುವ ಪೀಠವಲ್ಲ. ಡಿಸೆಂಬರಿನ ಪ್ರಕರಣದಲ್ಲಿ ತೀವ್ರ ತೊಂದರೆಗೊಳಗಾದವರಿಗೆ ಸಂಸ್ಥೆಯೇ 10,000 ರೂಪಾಯಿಯ ವೋಚರ್ ಘೋಷಿಸಿತು. ವೋಚರ್ ಎಂದರೆ ಅದೇ ಸಂಸ್ಥೆಯ ವಿಮಾನವನ್ನು ಮತ್ತೆ ಹತ್ತಿದರಷ್ಟೇ ಬೆಲೆಬಾಳುವ ಕಾಗದ. ಅದು ಯಾರಿಗೆ ಸಲ್ಲಬೇಕು, ಎಷ್ಟು ಸಲ್ಲಬೇಕು ಎಂಬ ತೀರ್ಮಾನವೂ ಸಂಸ್ಥೆಯದೇ.

ಈಗ ಕಾರಣದ ವಿಷಯಕ್ಕೆ ಬರೋಣ. ಇಡೀ ವಾದ ನಿಂತಿರುವುದು ಇದರ ಮೇಲೆ. ವಿಮಾನ ತಡವಾದಾಗ ಮೊಬೈಲಿಗೆ ಬರುವ ಸಂದೇಶದಲ್ಲಿ ಇರುವುದು ಒಂದೇ ನುಡಿಗಟ್ಟು: ‘ಕಾರ್ಯಾಚರಣೆಯ ಕಾರಣಗಳಿಂದ’. ಇದು ಏನನ್ನೂ ಹೇಳುವುದಿಲ್ಲ. ಡಿಜಿಸಿಎ ಪ್ರತಿ ತಿಂಗಳೂ ಪ್ರಕಟಿಸುವ ವರದಿಯಲ್ಲಿ ವಿಳಂಬದ ಕಾರಣಗಳ ವಿಂಗಡಣೆ ಇರುತ್ತದೆ. ಅದನ್ನು ತೆರೆದು ನೋಡಿದರೆ ಹವಾಮಾನವೋ ತಾಂತ್ರಿಕ ದೋಷವೋ ಮೊದಲ ಸ್ಥಾನದಲ್ಲಿ ಕಾಣುವುದು ಅಪರೂಪ. ಅತಿ ದೊಡ್ಡ ಪಾಲು ಸಾಮಾನ್ಯವಾಗಿ ‘ರಿಯಾಕ್ಷನರಿ’ ಎಂಬ ತಲೆಬರಹದ ಕೆಳಗೆ ಬರುತ್ತದೆ. ಹಿಂದಿನ ಹಾರಾಟ ತಡವಾಗಿದ್ದರಿಂದ ಮುಂದಿನದೂ ತಡವಾಯಿತು ಎಂದು ಅದರ ಅರ್ಥ. ಕಡಿಮೆ ದರದ ಸಂಸ್ಥೆಯ ವಿಮಾನವೊಂದು ಬೆಳಗಿನ ಜಾವ ಹೊರಟು ರಾತ್ರಿಯವರೆಗೆ ಐದಾರು ಊರುಗಳ ನಡುವೆ ಹಾರುತ್ತದೆ. ಇಳಿದು, ಜನರನ್ನು ಇಳಿಸಿ, ಹೊಸಬರನ್ನು ಹತ್ತಿಸಿಕೊಂಡು ಮತ್ತೆ ಹೊರಡಲು ಅದಕ್ಕೆ ಇಟ್ಟಿರುವ ಬಿಡುವು ಸುಮಾರು ಅರ್ಧ ಗಂಟೆ. ಬಿಡುವು ಕಡಿಮೆಯಾದಷ್ಟೂ ವಿಮಾನ ಹೆಚ್ಚು ದುಡಿಯುತ್ತದೆ, ಟಿಕೆಟ್ ಅಗ್ಗವಾಗುತ್ತದೆ, ಲಾಭವೂ ಹೆಚ್ಚುತ್ತದೆ. ಆದರೆ ಬೆಳಗ್ಗೆ ಒಂದು ಕಡೆ ನಲವತ್ತು ನಿಮಿಷ ಜಾರಿದರೆ ಆ ಜಾರುವಿಕೆಯನ್ನು ಹೀರಿಕೊಳ್ಳಲು ದಿನದಲ್ಲಿ ಎಲ್ಲೂ ಜಾಗವಿರುವುದಿಲ್ಲ. ಸಂಜೆಯ ಹೊತ್ತಿಗೆ ಅದು ಮೂರು ಗಂಟೆಯಾಗಿರುತ್ತದೆ. ಅಷ್ಟರಲ್ಲಿ ಪೈಲಟ್‌ಗಳ ಕೆಲಸದ ಅವಧಿಯೂ ತೀರಿ, ಬದಲಿ ಸಿಬ್ಬಂದಿ ಇಲ್ಲದೆ ಇನ್ನೆರಡು ಗಂಟೆ ಸೇರಿಕೊಳ್ಳುತ್ತದೆ. ದೆಹಲಿಯಲ್ಲಿ ಬೆಳಗಿನ ಏಳು ಗಂಟೆಗೆ ಕವಿದ ಮಂಜು ಎಂಟು ಗಂಟೆಯ ವಿಮಾನವನ್ನು ತಡೆದರೆ ಒಪ್ಪಿಕೊಳ್ಳೋಣ. ಅದೇ ಮಂಜು ರಾತ್ರಿ ಹತ್ತಕ್ಕೆ ಹುಬ್ಬಳ್ಳಿಗೋ ಮಂಗಳೂರಿಗೋ ಹೊರಡಬೇಕಾದ ವಿಮಾನದ ತಡಕ್ಕೂ ಕಾರಣವೇ? ಅಥವಾ ಬಿಡುವಿಲ್ಲದೆ ಹೆಣೆದ ವೇಳಾಪಟ್ಟಿ ಕಾರಣವೇ? ಬದಲಿ ವಿಮಾನ, ಬದಲಿ ಸಿಬ್ಬಂದಿ ಇಟ್ಟುಕೊಳ್ಳದ ಉಳಿತಾಯ ಕಾರಣವೇ? ಉತ್ತರ ಸಂಸ್ಥೆಯ ದಾಖಲೆಗಳಲ್ಲಿದೆ. ಪ್ರಯಾಣಿಕರಿಗೆ ಅದು ಕಾಣುವುದಿಲ್ಲ, ಕೌಂಟರಿನಲ್ಲಿ ನಿಂತ ಸಿಬ್ಬಂದಿಗೂ ಗೊತ್ತಿರುವುದಿಲ್ಲ. 2024ರ ಜನವರಿಯಲ್ಲೇ ದೆಹಲಿಯಲ್ಲಿ ಮತ್ತಷ್ಟು ತಡವಾಗುತ್ತದೆಂದು ಪ್ರಕಟಿಸುತ್ತಿದ್ದ ಪೈಲಟ್ ಮೇಲೆ ಪ್ರಯಾಣಿಕನೊಬ್ಬ ಕೈಮಾಡಿದ. ಅದಕ್ಕೆ ಯಾವ ಸಮರ್ಥನೆಯೂ ಇಲ್ಲ. ಆ ಪೈಲಟ್ ತಡಕ್ಕೆ ಹೊಣೆಯೂ ಅಲ್ಲ. ಆದರೆ ಕೇಳಬೇಕಾದ ಪ್ರಶ್ನೆಗೆ ಸರಿಯಾದ ವೇದಿಕೆ ಕಾಣದೆ ಹೋದಾಗ ಸಿಟ್ಟು ಎದುರಿಗಿದ್ದ ಬಡಪಾಯಿ ನೌಕರರ ಮೇಲೆ ತಿರುಗುತ್ತದೆ ಎಂಬುದನ್ನಂತೂ ಅಲ್ಲಗಳೆಯಲಾಗದು.

ನಾವು ಇಂದು ನಿಂತಿರುವ ಜಾಗದಲ್ಲೇ ಯುರೋಪು ಇಪ್ಪತ್ತು ವರ್ಷಗಳ ಹಿಂದೆ ನಿಂತಿತ್ತು. ಅಲ್ಲಿಯ 261ನೆಯ ನಿಯಮಾವಳಿ 2004ರಲ್ಲಿ ರಚನೆಯಾಗಿ 2005ರ ಫೆಬ್ರವರಿಯಲ್ಲಿ ಜಾರಿಗೆ ಬಂತು. ದೂರಕ್ಕೆ ತಕ್ಕಂತೆ 250, 400, 600 ಯೂರೋ ಪರಿಹಾರವನ್ನು ಅದು ಗೊತ್ತುಮಾಡಿತು. ಆದರೆ ಯಾವುದಕ್ಕೆ? ವಿಮಾನ ರದ್ದಾದದ್ದಕ್ಕೆ, ಸೀಟಿದ್ದವರನ್ನು ಹತ್ತಿಸಿಕೊಳ್ಳದೆ ಬಿಟ್ಟದ್ದಕ್ಕೆ. ವಿಳಂಬಕ್ಕೆ ಊಟ, ವಸತಿ, ನೆರವು ಅಷ್ಟೆ. ನಮ್ಮ ನಿಯಮದ ಮೈಕಟ್ಟೂ ಇದೇ. 2005ರ ಬೇಸಿಗೆಯಲ್ಲಿ ಟೊರಾಂಟೊದಿಂದ ಫ್ರಾಂಕ್‌ಫರ್ಟಿಗೆ ಮರಳುತ್ತಿದ್ದ ಒಂದು ಕುಟುಂಬ ಕಾಂಡೋರ್ ಸಂಸ್ಥೆಯ ವಿಮಾನದಲ್ಲಿ ಸುಮಾರು 25 ಗಂಟೆ ತಡವಾಗಿ ಊರು ಸೇರಿತು. ಇದು ರದ್ದತಿಯಲ್ಲ, ಬರಿಯ ವಿಳಂಬ, ಆದ್ದರಿಂದ ಹಣ ಕೊಡಬೇಕಾಗಿಲ್ಲ ಎಂದು ಸಂಸ್ಥೆ ವಾದಿಸಿತು. ಕುಟುಂಬ ಸುಮ್ಮನಾಗಲಿಲ್ಲ. ಮೊಕದ್ದಮೆ ಜರ್ಮನಿಯ ನ್ಯಾಯಾಲಯಗಳನ್ನು ಹಾದು ಯುರೋಪಿನ ನ್ಯಾಯಾಲಯಕ್ಕೆ ಹೋಯಿತು. 2009ರ ನವೆಂಬರ್ 19ರಂದು ಆ ನ್ಯಾಯಾಲಯ, ತಲುಪಬೇಕಾದ ಊರಿಗೆ ಮೂರು ಗಂಟೆ ಅಥವಾ ಹೆಚ್ಚು ತಡವಾಗಿ ತಲುಪಿದವರಿಗೂ ವಿಮಾನ ರದ್ದಾದವರಿಗೆ ಸಿಗುವ ಪರಿಹಾರವೇ ಸಲ್ಲಬೇಕು ಎಂದಿತು. ಕಳೆದುಹೋದ ಹೊತ್ತು ಇಬ್ಬರದೂ ಒಂದೇ ಬಗೆಯದು ಎಂಬುದು ಅದರ ತರ್ಕ. ಅದಕ್ಕೆ ಒಂದು ವರ್ಷ ಮೊದಲು, 2008ರ ಡಿಸೆಂಬರಿನಲ್ಲಿ, ಅಲಿಟಾಲಿಯಾ ವಿರುದ್ಧದ ಮೊಕದ್ದಮೆಯಲ್ಲಿ ಎಂಜಿನ್ನಿನ ತಾಂತ್ರಿಕ ದೋಷವನ್ನು ‘ಅಸಾಧಾರಣ ಸನ್ನಿವೇಶ’ ಎಂದು ತೋರಿಸಿ ಸಾಮಾನ್ಯವಾಗಿ ಜಾರಿಕೊಳ್ಳುವಂತಿಲ್ಲ ಎಂದು ಇತ್ಯರ್ಥವಾಗಿತ್ತು. ವಿಮಾನಗಳನ್ನು ನಡೆಸುವವರಿಗೆ ದುರಸ್ತಿ ದಿನನಿತ್ಯದ ಕೆಲಸ ತಾನೇ? 2011ರಲ್ಲಿ ಏರ್ ಬಾಲ್ಟಿಕ್ ಹಾರಾಟವೊಂದರ ಪ್ರಕರಣದಲ್ಲಿ ಇನ್ನೂ ಸೂಕ್ಷ್ಮವಾದ ಮಾತು ಬಂತು. ವಾಯುಮಾರ್ಗ ಕೆಲವು ಗಂಟೆ ಮುಚ್ಚಿತ್ತು, ಅದು ಸಂಸ್ಥೆಯ ತಪ್ಪಲ್ಲ. ಮತ್ತೆ ತೆರೆಯುವ ಹೊತ್ತಿಗೆ ಸಿಬ್ಬಂದಿಯ ಕೆಲಸದ ಅವಧಿ ತೀರಿದ್ದರಿಂದ ಹಾರಾಟ ರದ್ದಾಯಿತು. ಇಂಥ ಅಡ್ಡಿಗಳು ಬಂದೇ ಬರುತ್ತವೆಂದು ತಿಳಿದು ವೇಳಾಪಟ್ಟಿಯಲ್ಲಿ ಸ್ವಲ್ಪ ಮೀಸಲು ಸಮಯ ಇಟ್ಟುಕೊಳ್ಳಬೇಕಾದದ್ದು ಸಂಸ್ಥೆಯ ಹೊಣೆ ಎಂದಿತು ನ್ಯಾಯಾಲಯ. ನಾನು ಆಗಲೇ ಕೇಳಿದ ರಾತ್ರಿ ಹತ್ತು ಗಂಟೆಯ ವಿಮಾನದ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರವಿಲ್ಲ. ಈ ಮೂರು ಹೆಜ್ಜೆಗಳನ್ನೂ ಇಡಿಸಿದವರು ಶಾಸಕರಲ್ಲ. ಕೆಲವು ನೂರು ಯೂರೋಗಳಿಗಾಗಿ ಪಟ್ಟುಹಿಡಿದು ಕೇಳಿದ ಸಾಮಾನ್ಯ ಪ್ರಯಾಣಿಕರು.

ನಮ್ಮ ನ್ಯಾಯಾಲಯಗಳು ಏನು ಹೇಳಿವೆ ಎಂಬುದನ್ನೂ ಪ್ರಾಮಾಣಿಕವಾಗಿ ನೋಡಬೇಕು, ಏಕೆಂದರೆ ಮೊದಲ ದೊಡ್ಡ ತೀರ್ಪು ಪ್ರಯಾಣಿಕರಿಗೆ ವಿರುದ್ಧವಾಗಿಯೇ ಇದೆ. 2007ರ ಡಿಸೆಂಬರ್ 14ರಂದು ದೆಹಲಿಯಿಂದ ಹೈದರಾಬಾದಿಗೆ ಹೊರಡಬೇಕಿದ್ದ ಇಂಡಿಗೋ ವಿಮಾನ ಮಂಜಿನಿಂದ ತಡವಾಯಿತು. ಪ್ರಯಾಣಿಕರು ವಿಮಾನದೊಳಗೇ ಬಹಳ ಹೊತ್ತು ಕುಳಿತರು. ಒಬ್ಬರು ಹೈದರಾಬಾದಿನ ಖಾಯಂ ಲೋಕ ಅದಾಲತ್ತಿಗೆ ಹೋದರು, 10,000 ರೂಪಾಯಿ ಪರಿಹಾರದ ಆದೇಶವಾಯಿತು. ಸಂಸ್ಥೆ ಸುಪ್ರೀಂ ಕೋರ್ಟಿಗೆ ಹೋಯಿತು. 2011ರ ಜುಲೈನಲ್ಲಿ ತೀರ್ಪು ಬರೆದವರು, ಹಿಂದೆ ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಗಳಾಗಿದ್ದ ಆರ್. ವಿ. ರವೀಂದ್ರನ್. ಮಂಜು ಸಂಸ್ಥೆಯ ಹತೋಟಿಯಲ್ಲಿಲ್ಲ. ಪ್ರಯಾಣಿಕರ ಮುಂದೆ ಆಯ್ಕೆಗಳನ್ನು ಇಡಲಾಗಿತ್ತು, ತಿಂಡಿ ನೀರು ಕೊಡಲಾಗಿತ್ತು. ಆದ್ದರಿಂದ ಪರಿಹಾರ ಸಲ್ಲದು ಎಂದು ಅವರು ಆದೇಶವನ್ನು ತೆಗೆದುಹಾಕಿದರು. ತೀರ್ಪು ಸರಿಯಾಗಿದೆ ಎಂದೇ ನನ್ನ ಅಭಿಪ್ರಾಯ. ಆದರೆ ಅದರಲ್ಲಿ ಇನ್ನೊಂದು ಭಾಗವಿದೆ, ಅದನ್ನು ಸಂಸ್ಥೆಗಳು ನೆನೆಯುವುದು ಕಡಿಮೆ. ಟಿಕೆಟ್ ಅಗ್ಗ ಎಂಬ ಕಾರಣಕ್ಕೆ, ದೀರ್ಘಕಾಲ ವಿಮಾನದೊಳಗೆ ಸಿಲುಕಿದವರಿಗೆ ಅನ್ನ, ನೀರು, ಶೌಚದಂಥ ಕನಿಷ್ಠ ಅನುಕೂಲ ಒದಗಿಸುವ ಕರ್ತವ್ಯದಿಂದ ಸಂಸ್ಥೆ ತಪ್ಪಿಸಿಕೊಳ್ಳುವಂತಿಲ್ಲ ಎಂಬುದು ಆ ಭಾಗ. ಕಾರಣಕ್ಕೆ ಸಂಸ್ಥೆ ಹೊಣೆಯಲ್ಲದಿದ್ದರೂ ಆರೈಕೆಗೆ ಹೊಣೆ ಎಂದಾಯಿತು. ಹತ್ತು ವರ್ಷದ ಮೇಲೆ, 2021ರ ಸೆಪ್ಟೆಂಬರಿನಲ್ಲಿ, ಇದಕ್ಕೆ ಪೂರಕವಾದ ತೀರ್ಪು ರೈಲಿನ ಪ್ರಕರಣದಲ್ಲಿ ಬಂತು. ಅಜ್ಮೇರ್–ಜಮ್ಮು ಎಕ್ಸ್‌ಪ್ರೆಸ್ ಸುಮಾರು ನಾಲ್ಕು ಗಂಟೆ ತಡವಾಗಿ ಜಮ್ಮು ತಲುಪಿದ್ದರಿಂದ ಒಂದು ಕುಟುಂಬಕ್ಕೆ ಶ್ರೀನಗರದ ವಿಮಾನ ತಪ್ಪಿತು. ಟ್ಯಾಕ್ಸಿಗೆ 15,000 ರೂಪಾಯಿ ತೆರಬೇಕಾಯಿತು. ತಡ ತನ್ನ ಕೈಮೀರಿದ ಕಾರಣದಿಂದ ಆಯಿತೆಂದು ರೈಲ್ವೆ ಸಾಬೀತುಪಡಿಸದ ಹೊರತು ಸೇವಾ ನ್ಯೂನತೆಗೆ ಅದೇ ಹೊಣೆ ಎಂದು ಸುಪ್ರೀಂ ಕೋರ್ಟ್ ಹೇಳಿ ಪರಿಹಾರದ ಆದೇಶವನ್ನು ಎತ್ತಿಹಿಡಿಯಿತು. ಎರಡೂ ತೀರ್ಪುಗಳನ್ನು ಜೊತೆಗಿಟ್ಟು ಓದಿದರೆ ದಾರಿ ಸ್ಪಷ್ಟವಾಗುತ್ತದೆ. ನಿಜವಾದ ಮಂಜಿಗೆ ಪರಿಹಾರವಿಲ್ಲ. ಆದರೆ ಮಂಜಿತ್ತು, ಮಂಜೇ ಕಾರಣ ಎಂದು ತೋರಿಸಬೇಕಾದವರು ಸಾಗಿಸುವವರು. ಸಂದೇಶದಲ್ಲಿ ಬಂದ ಒಂದು ಸಾಲು ಪುರಾವೆಯಾಗುವುದಿಲ್ಲ. ಸಂಸ್ಥೆ ದಾಖಲೆ ತೆರೆದಿಡಬೇಕಾಗಿ ಬರುವುದು ಆಯೋಗದ ಮುಂದೆ ಮಾತ್ರ.

ಇದಕ್ಕೆ ಬರುವ ಆಕ್ಷೇಪಗಳಲ್ಲಿ ತೂಕದ್ದು ಸುರಕ್ಷತೆಯದು. ತಡಕ್ಕೆ ಹಣ ತೆರಬೇಕಾದರೆ ಸಂಸ್ಥೆಗಳು ದೋಷವಿದ್ದರೂ ಹಾರಿಸುತ್ತವೆ, ದಣಿದ ಪೈಲಟ್‌ಗಳನ್ನು ದುಡಿಸುತ್ತವೆ ಎಂಬ ಭಯ. ಜೀವದ ಪ್ರಶ್ನೆಯಾದ್ದರಿಂದ ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ದೋಷವಿರುವ ವಿಮಾನವನ್ನು ನಿಲ್ಲಿಸಿದ್ದಕ್ಕೆ ಯಾವ ಪ್ರಯಾಣಿಕರೂ ದೂರು ಕೊಡಬಾರದು. ಆ ಕ್ಷಣದ ನಿರ್ಧಾರ ಪೈಲಟ್ ಹಾಗೂ ಎಂಜಿನಿಯರರದ್ದು, ಅದು ಹಾಗೇ ಉಳಿಯಬೇಕು. ದೂರು ಇರಬೇಕಾದದ್ದು ಅದಕ್ಕೆ ಮುಂಚಿನ ನಿರ್ಧಾರಗಳ ಮೇಲೆ: ಬದಲಿ ವಿಮಾನ ಏಕಿರಲಿಲ್ಲ, ಸಾಕಷ್ಟು ಸಿಬ್ಬಂದಿ ಏಕಿರಲಿಲ್ಲ, ಬೆಳಗ್ಗೆಯೇ ಗೊತ್ತಿದ್ದ ತಡವನ್ನು ಸಂಜೆಯವರೆಗೆ ಗಂಟೆಗಂಟೆಗೆ ಮುಂದೂಡುತ್ತ ಏಕೆ ಮುಚ್ಚಿಟ್ಟಿರಿ. 2025ರ ಡಿಸೆಂಬರ್ ಇದಕ್ಕೆ ತಕ್ಕ ಉದಾಹರಣೆ. ಪೈಲಟ್‌ಗಳ ವಾರದ ವಿಶ್ರಾಂತಿಯನ್ನು 36 ಗಂಟೆಯಿಂದ 48 ಗಂಟೆಗೆ ಏರಿಸಿ, ರಾತ್ರಿ ವೇಳೆಯ ಇಳಿತಗಳನ್ನು ಎರಡಕ್ಕೆ ಮಿತಿಗೊಳಿಸಿದ ಹೊಸ ನಿಯಮ ಪ್ರಕಟವಾದದ್ದು 2024ರ ಜನವರಿಯಲ್ಲಿ. ಮುಂದೂಡಿಕೆಗಳಾಗಿ, ದೆಹಲಿ ಹೈಕೋರ್ಟಿನ ಮುಂದೆ ಗೊತ್ತಾದಂತೆ, ಅದರ ಎರಡನೆಯ ಹಂತ ಜಾರಿಗೆ ಬಂದದ್ದು 2025ರ ನವೆಂಬರ್ 1ರಂದು. ಸಿದ್ಧವಾಗಲು ಸುಮಾರು ಎರಡು ವರ್ಷ ಸಿಕ್ಕಿತ್ತು. ಕೊನೆಗೆ ಆದದ್ದೇನು? ಹಾರಾಟಗಳು ಕುಸಿದವು, ವಿಶ್ರಾಂತಿಯ ನಿಯಮದಿಂದಲೇ ಆ ಸಂಸ್ಥೆಗೆ ತಾತ್ಕಾಲಿಕ ವಿನಾಯಿತಿ ಕೊಡಬೇಕಾಗಿ ಬಂತು. ಸಿಬ್ಬಂದಿಯ ಕೊರತೆಗೆ ಬೆಲೆ ಇಲ್ಲದಿದ್ದಾಗ ಸುರಕ್ಷತೆಯ ನಿಯಮವೇ ಬಾಗಬೇಕಾಗುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ? ವಿಳಂಬಕ್ಕೆ ಬೆಲೆ ಇದ್ದಿದ್ದರೆ ಎರಡು ವರ್ಷ ಮೊದಲೇ ಪೈಲಟ್‌ಗಳನ್ನು ನೇಮಿಸಿಕೊಳ್ಳುವುದು ಸಂಸ್ಥೆಗೆ ಲಾಭದ ಕೆಲಸವಾಗುತ್ತಿತ್ತು. ಇಷ್ಟು ವರ್ಷ ವಿಳಂಬಕ್ಕೆ ಹಣ ತೆರುತ್ತಿರುವ ಯುರೋಪಿನ ವಿಮಾನಯಾನ ಇಂದಿಗೂ ಜಗತ್ತಿನ ಅತ್ಯಂತ ಸುರಕ್ಷಿತವಾದವುಗಳಲ್ಲಿ ಒಂದು.

ಟಿಕೆಟ್ ದರ ಏರುತ್ತದೆ ಎಂಬುದು ಮತ್ತೊಂದು ಆಕ್ಷೇಪ. ಸ್ವಲ್ಪ ಏರಬಹುದು. ಯುರೋಪಿನ ಅತಿ ಅಗ್ಗದ ಸಂಸ್ಥೆ ರಯಾನ್‌ಏರ್ 2011ರಲ್ಲಿ ಈ ನಿಯಮದ ಹೊರೆಯೆಂದು ಪ್ರತಿ ಪ್ರಯಾಣಿಕರಿಂದ ವಸೂಲು ಮಾಡಲು ತೊಡಗಿದ್ದು ಎರಡು ಯೂರೋ. ಆ ಸಂಸ್ಥೆ ಅಲ್ಲಿಂದ ಮುಂದೆ ಇನ್ನೂ ಬೆಳೆಯಿತು, ಅಗ್ಗದ ಪ್ರಯಾಣ ನಿಲ್ಲಲಿಲ್ಲ. ತಡದ ವೆಚ್ಚವನ್ನು ಈಗಲೂ ಯಾರೋ ತೆರುತ್ತಲೇ ಇದ್ದಾರೆ, ತಪ್ಪಿದ ದಿನಗೂಲಿಯಾಗಿ, ಎರಡನೆಯ ಟಿಕೆಟ್ಟಾಗಿ, ಅಪರಾತ್ರಿಯ ಟ್ಯಾಕ್ಸಿಯಾಗಿ. ತೆರುವವರು ತಡವನ್ನು ತಪ್ಪಿಸಲು ಏನೂ ಮಾಡಲಾರದ ಪ್ರಯಾಣಿಕರು ಎಂಬುದಷ್ಟೇ ವ್ಯತ್ಯಾಸ. ಬೇಡವಾದರೆ ಬೇರೆ ಸಂಸ್ಥೆಯ ವಿಮಾನ ಹತ್ತಿ ಎನ್ನುವವರಿದ್ದಾರೆ. ದೇಶದೊಳಗಿನ ಪ್ರಯಾಣಿಕರಲ್ಲಿ ನೂರಕ್ಕೆ 60ಕ್ಕೂ ಹೆಚ್ಚು ಮಂದಿಯನ್ನು ಒಂದೇ ಸಂಸ್ಥೆ ಸಾಗಿಸುವ, ಎರಡು ಗುಂಪುಗಳು ಸೇರಿ 90ರ ಆಸುಪಾಸು ಸಾಗಿಸುವ ಮಾರುಕಟ್ಟೆಯಲ್ಲಿ ಆ ಸಲಹೆಗೆ ಅರ್ಥವಿಲ್ಲ. ರಾಜ್ಯದ ಸಣ್ಣ ನಿಲ್ದಾಣಗಳಿಂದ ಹೊರಡುವವರಿಗಂತೂ ಎಷ್ಟೋ ಊರುಗಳಿಗೆ ಇರುವುದೇ ಒಂದು ವಿಮಾನ.

ಇನ್ನು ನಮ್ಮ ಜನರನ್ನು ನಿಜವಾಗಿ ತಡೆಯುವ ಆಕ್ಷೇಪ. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆ ಅನುಭವದಿಂದ ಬಂದದ್ದು. ಹತ್ತು ಸಾವಿರಕ್ಕಾಗಿ ವಕೀಲರ ಫೀಸು, ವರ್ಷಗಟ್ಟಲೆ ಅಲೆದಾಟ ಯಾರಿಗೆ ಬೇಕು? ಗ್ರಾಹಕ ಆಯೋಗ ಆ ಗಾದೆಯ ಕೋರ್ಟಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈನಲ್ಲಿ ಜಾರಿಗೆ ಬಂದ ಮೇಲೆ ದೂರುದಾರರು ತಾವು ವಾಸಿಸುವ ಅಥವಾ ಕೆಲಸ ಮಾಡುವ ಜಿಲ್ಲೆಯ ಆಯೋಗದಲ್ಲೇ ದೂರು ಸಲ್ಲಿಸಬಹುದು. ಸಂಸ್ಥೆಯ ಕಚೇರಿ ಗುರುಗ್ರಾಮದಲ್ಲಿದ್ದರೂ ಕಲಬುರಗಿಯವರು ಕಲಬುರಗಿಯಲ್ಲೇ, ಶಿವಮೊಗ್ಗದವರು ಶಿವಮೊಗ್ಗದಲ್ಲೇ ಕೇಳಬಹುದು. ಐದು ಲಕ್ಷ ರೂಪಾಯಿವರೆಗೆ ಬೆಲೆ ತೆತ್ತ ಸೇವೆಗೆ ದೂರಿನ ಶುಲ್ಕವಿಲ್ಲ. ವಕೀಲರು ಬೇಕೇ ಬೇಕೆಂದಿಲ್ಲ, ಸ್ವತಃ ವಾದಿಸಬಹುದು. ‘ಇ-ಜಾಗೃತಿ’ ಜಾಲತಾಣದಲ್ಲಿ ಮನೆಯಿಂದಲೇ ದೂರು ದಾಖಲಿಸಬಹುದು. ಎರಡೂ ಕಡೆಯವರು ಒಪ್ಪಿದರೆ ಮಧ್ಯಸ್ಥಿಕೆಗೂ ಅವಕಾಶವಿದೆ. ಆದರೆ ಕಾನೂನು ಹೇಳುವ ಮೂರು ತಿಂಗಳ ಅವಧಿಯನ್ನು ಆಯೋಗಗಳು ಪಾಲಿಸುವುದು ವಿರಳ. ಎಷ್ಟೋ ಕಡೆ ಸದಸ್ಯರ ಹುದ್ದೆಗಳು ಖಾಲಿ ಬಿದ್ದು ದೂರುಗಳು ವರ್ಷಗಟ್ಟಲೆ ಕೊಳೆಯುತ್ತವೆ. ಇದು ಸರ್ಕಾರಗಳ ಲೋಪ. ಪ್ರಯಾಣಿಕರು ದೂರು ಕೊಡದಿರುವುದಕ್ಕೆ ಇದು ನೆಪವಾಗಬಾರದು. ಇದಕ್ಕೆ ಒಂದು ಮದ್ದನ್ನು ಕಾಯ್ದೆಯೇ ಇಟ್ಟಿದೆ. ಒಂದೇ ಹಿತಾಸಕ್ತಿಯುಳ್ಳ ಹಲವು ಗ್ರಾಹಕರ ಪರವಾಗಿ ಕೆಲವರು ಆಯೋಗದ ಅನುಮತಿ ಪಡೆದು ದೂರು ಕೊಡಬಹುದು. ಈ ಅವಕಾಶದ ಮೇರೆಗಳನ್ನು ಸುಪ್ರೀಂ ಕೋರ್ಟ್ 2021ರ ಡಿಸೆಂಬರಿನಲ್ಲಿ ವಿವರಿಸಿದ್ದು ಬೆಂಗಳೂರಿನ ವಸತಿ ಸಮುಚ್ಚಯವೊಂದರ ಪ್ರಕರಣದಲ್ಲಿ: ಎಲ್ಲರ ಪರವಾಗಿ ಕೇಳಬೇಕಾದರೆ ಎಲ್ಲರ ಹಿತವೂ ಒಂದೇ ಎಂದು ತೋರಿಸಬೇಕು, ಹಾಗಿಲ್ಲದಿದ್ದರೆ ಕೆಲವರೇ ಒಟ್ಟಾಗಿ ಜಂಟಿ ದೂರು ಕೊಡಲು ಅಡ್ಡಿಯಿಲ್ಲ. ಒಂದೇ ವಿಮಾನದಲ್ಲಿ ಒಂದೇ ಕಾರಣಕ್ಕೆ ಒಂದೇ ಹೊತ್ತು ಕಾದ 180 ಜನರಿಗಿಂತ ಸಮಾನ ಹಿತವುಳ್ಳ ಗುಂಪು ಬೇರೆ ಯಾವುದಿದೆ? ಕಾಯುವ ಹೊತ್ತಿನಲ್ಲಿ ಗೇಟಿನ ಬಳಿ ಹುಟ್ಟುವ ವಾಟ್ಸ್ಆ್ಯಪ್ ಗುಂಪು ಮನೆ ಸೇರಿದ ಮೇಲೆ ಚದುರಿಹೋಗುತ್ತದೆ. ಅದರಲ್ಲೇ ನಾಲ್ಕು ಮಂದಿ ಉಳಿದು ದೂರಿಗೆ ಸಹಿ ಹಾಕಿದರೆ ಒಬ್ಬೊಬ್ಬರ ಅಲೆದಾಟ ತಪ್ಪುತ್ತದೆ, ಸಂಸ್ಥೆಯ ಮುಂದಿರುವ ಲೆಕ್ಕವೂ ಸಾವಿರಗಳಿಂದ ಲಕ್ಷಗಳಿಗೆ ಏರುತ್ತದೆ.

ವಿದೇಶ ಪ್ರಯಾಣದಲ್ಲಿ ಹಕ್ಕು ಇನ್ನೂ ಗಟ್ಟಿ. ನಮ್ಮವರಲ್ಲಿ ಬಹಳ ಮಂದಿಗೆ ಅದು ತಿಳಿದೇ ಇಲ್ಲ. ಭಾರತ 2009ರಲ್ಲಿ ಸೇರಿದ ಮಾಂಟ್ರಿಯಲ್ ಒಪ್ಪಂದದ 19ನೆಯ ವಿಧಿ ವಿಳಂಬದಿಂದಾದ ನಷ್ಟಕ್ಕೆ ಸಂಸ್ಥೆಯನ್ನು ನೇರವಾಗಿ ಹೊಣೆ ಮಾಡುತ್ತದೆ. ತಪ್ಪಿಸಲು ಸಾಧ್ಯವಿದ್ದ ಎಲ್ಲ ಕ್ರಮಗಳನ್ನೂ ಕೈಗೊಂಡಿದ್ದೆ ಎಂದು ಸಂಸ್ಥೆಯೇ ಸಾಬೀತುಪಡಿಸಿದರೆ ಮಾತ್ರ ಬಿಡುಗಡೆ. ಒಪ್ಪಂದದಡಿ ಈ ಹೊಣೆಯ ಗರಿಷ್ಠ ಮಿತಿ 2024ರ ಡಿಸೆಂಬರ್ 28ರಿಂದ ಪ್ರತಿ ಪ್ರಯಾಣಿಕರಿಗೆ 6,303 ಎಸ್‌ಡಿಆರ್ (ಅಂತರರಾಷ್ಟ್ರೀಯ ಲೆಕ್ಕದ ಘಟಕ), ನಮ್ಮ ಹಣದಲ್ಲಿ ಏಳು ಲಕ್ಷ ರೂಪಾಯಿಗೂ ಮೇಲು. ಆದರೆ ತೋರಿಸಿಕೊಟ್ಟ ನಷ್ಟಕ್ಕಷ್ಟೇ. ಜೊತೆಗೆ ಯುರೋಪಿನ ನಿಯಮ ಯುರೋಪಿಯನ್ನರಿಗೆ ಮಾತ್ರ ಮೀಸಲಲ್ಲ. ಫ್ರಾಂಕ್‌ಫರ್ಟ್, ಪ್ಯಾರಿಸ್, ಆಮ್‌ಸ್ಟರ್‌ಡ್ಯಾಮ್‌ಗಳಿಂದ ಬೆಂಗಳೂರಿಗೆ ಹೊರಟ ವಿಮಾನಕ್ಕೂ, ಬೆಂಗಳೂರಿನಿಂದ ಅಲ್ಲಿಗೆ ಹೊರಟ ಯುರೋಪಿನ ಸಂಸ್ಥೆಯ ವಿಮಾನಕ್ಕೂ ಅದು ಅನ್ವಯಿಸುತ್ತದೆ. ದೂರ 3,500 ಕಿಲೋಮೀಟರ್ ದಾಟುವುದರಿಂದ ಪರಿಹಾರ 600 ಯೂರೋ. ತಡ ನಾಲ್ಕು ಗಂಟೆಗಿಂತ ಕಡಿಮೆಯಿದ್ದರೆ ಅದರ ಅರ್ಧ. ಮಕ್ಕಳನ್ನು ನೋಡಲು ಹೋಗಿ ಬರುವ ಮೈಸೂರಿನ ವೃದ್ಧ ದಂಪತಿಗೂ ಈ ಹಕ್ಕು ಅಲ್ಲಿಯ ಪ್ರಜೆಗೆ ಇರುವಷ್ಟೇ ಇದೆ.

ಕೇಳುವಾಗ ಹದ ತಪ್ಪಬಾರದು. ಎರಡು ಗಂಟೆಯ ತಡಕ್ಕೆ ಹತ್ತು ಲಕ್ಷ ರೂಪಾಯಿಯ ಮಾನಸಿಕ ಯಾತನೆ ಎಂದು ಬರೆದ ದೂರು ಆಯೋಗದ ಸಮಯ ತಿನ್ನುತ್ತದೆ, ನಿಜವಾಗಿ ನೊಂದವರ ದೂರಿನ ತೂಕವನ್ನೂ ಇಳಿಸುತ್ತದೆ. ಟಿಕೆಟ್ ದರ, ಕೈಯಿಂದ ಮಾಡಿದ ಖರ್ಚು, ತಪ್ಪಿದ ಮುಂದಿನ ಪ್ರಯಾಣದ ಹಣ, ಕಷ್ಟಕ್ಕೆ ತಕ್ಕ ಒಂದು ಮೊತ್ತ, ಇಷ್ಟನ್ನು ಕಾಗದಪತ್ರದ ಸಮೇತ ಕೇಳಿದರೆ ಸಾಕು. ಅದಕ್ಕೆ ಬೋರ್ಡಿಂಗ್ ಪಾಸು ಎಸೆಯದೆ ಇಟ್ಟುಕೊಳ್ಳಿ, ಸಂಸ್ಥೆ ಕಳಿಸಿದ ಸಂದೇಶಗಳನ್ನು ಅಳಿಸಬೇಡಿ, ನಿಲ್ದಾಣದ ಫಲಕದ ಚಿತ್ರ ತೆಗೆದುಕೊಳ್ಳಿ, ಊಟದ ವಸತಿಯ ರಸೀದಿ ಇಡಿ. ಮೊದಲು ಸಂಸ್ಥೆಗೆ ಬರೆಯಿರಿ; ಆಮೇಲೆ ಕೇಂದ್ರ ಸರ್ಕಾರದ ‘ಏರ್‌ಸೇವಾ’ ತಾಣದಲ್ಲಿ ದೂರಿ. 1915 ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ. ಅಲ್ಲೂ ಪರಿಹಾರ ಕಾಣದಿದ್ದರೆ ಆಯೋಗ. ದೀರ್ಘ ವಿಳಂಬಕ್ಕೂ ನಿಗದಿತ ಪರಿಹಾರವನ್ನು ಡಿಜಿಸಿಎ ತನ್ನ ನಿಯಮದಲ್ಲೇ ಸೇರಿಸಬೇಕು, ಇಂಥ ಸಣ್ಣ ಮೊತ್ತಕ್ಕೆ ಯಾರೂ ದೂರು ಹೊತ್ತು ತಿರುಗುವಂತಾಗಬಾರದು. ನಾನು ಬಯಸುವುದೂ ಅದನ್ನೇ. ಆದರೆ ದೂರುಗಳು ರಾಶಿಬೀಳದೆ ಆ ನಿಯಮ ತಾನಾಗಿ ಬರುವ ಲಕ್ಷಣ ಈ ಹದಿನೈದು ವರ್ಷಗಳಲ್ಲಿ ಕಂಡಿಲ್ಲ. ಗ್ರಾಹಕ ಕಾಯ್ದೆಯಡಿ ದೂರು ಕೊಡಲು ಇರುವ ಅವಧಿ ತೊಂದರೆಯಾದ ದಿನದಿಂದ ಎರಡು ವರ್ಷ. 2025ರ ಡಿಸೆಂಬರಿನಲ್ಲಿ ನಿಲ್ದಾಣಗಳಲ್ಲಿ ರಾತ್ರಿ ಕಳೆದವರಿಗೆ ಆ ಗಡುವು 2027ರ ಡಿಸೆಂಬರಿಗೆ ಮುಗಿಯುತ್ತದೆ.